ತುಪ್ಪಕ್ಕೆ ನೂರು ನೀರು, ವಿಭೂತಿಗೆ ಒಂಬತ್ತು

ಮುಖ ಬಿಗಿಯುವುದು ಶುರುವಾದದ್ದು ಕಾರ್ತಿಕದಲ್ಲಿ. ಹೊಳೆಯ ಮೇಲಿನ ಮಂಜು ನಮ್ಮ ಹಿತ್ತಲ ಗೋಡೆ ದಾಟಿ ಬಚ್ಚಲವರೆಗೂ ಬರುವ ದಿನಗಳು ಅವು. ಒಳಗಿಂದ ಹಂಡೆಯ ಹಬೆ, ಹೊರಗಿಂದ ಹೇಮಾವತಿಯ ಮಂಜು. ಎರಡೂ ಬಾಗಿಲ ಹತ್ತಿರ ಸೇರಿ ಯಾವುದು ಯಾವುದೆಂದೇ ತಿಳಿಯುತ್ತಿರಲಿಲ್ಲ. ಆ ಬೆಳ್ಳನೆಯ ಮಬ್ಬಿನಲ್ಲಿ ನಿಂತು ಮುಖ ಒರೆಸಿಕೊಂಡು, ಒಂದು ಸಲ ಆಕಳಿಸಿದರೆ ಸಾಕು, ಕೆನ್ನೆ ಚುರುಕ್ ಅನ್ನುತ್ತಿತ್ತು. ಬಿಸಿಲಿಗೆ ಹಾಕಿ ಮರೆತ ಹಪ್ಪಳದ ಹಾಗೆ, ಮುಟ್ಟಿದರೆ ಅಂಚು ಮುರಿದೀತು ಅನ್ನಿಸುವಷ್ಟು ಒಣಗಿರುತ್ತಿತ್ತು.

ನನಗೆ ಆಗ ನಲವತ್ತನಾಲ್ಕು. ತಿಂಗಳು ತಪ್ಪುತ್ತಾ ಬಂದಿತ್ತು. ಇದ್ದಕ್ಕಿದ್ದ ಹಾಗೆ ಮೈ ಕಾದು, ಇದ್ದಕ್ಕಿದ್ದ ಹಾಗೆ ತಣ್ಣಗಾಗುತ್ತಿತ್ತು. ಇದೂ ಅದರದೇ ಆಟ ಇರಬೇಕು ಅಂದುಕೊಂಡೆ. ಯುದ್ಧದ ಕಾಲ. ಸೀಮೆಎಣ್ಣೆಗೂ ಬಟ್ಟೆಗೂ ಜನ ಪರದಾಡುತ್ತಿರುವಾಗ ಮನೆಯಲ್ಲಿ ಹಾಲು ಕೊಡುವ ಹಸು ಇತ್ತು, ಹೊತ್ತು ಹೊತ್ತಿಗೆ ಅನ್ನ ಇತ್ತು. ಕೆನ್ನೆ ಒಣಗಿತು ಅಂತ ಶಿವನ ಹತ್ತಿರ ದೂರು ಹೇಳುವುದಕ್ಕೆ ಮುಖ ಬೇಕಲ್ಲ!

ಮುಖಕ್ಕೆ ಮಾಡುತ್ತಿದ್ದದ್ದು ನಮ್ಮ ಬೀದಿಯ ಎಲ್ಲ ಹೆಂಗಸರೂ ಮಾಡುವುದನ್ನೇ. ಕಡಲೆಹಿಟ್ಟು ಹಚ್ಚಿ ಉಜ್ಜಿ, ಕೈ ಸುಡುವಂಥ ನೀರಲ್ಲಿ ತೊಳೆಯುವುದು. ಮೇಲೆ ಅರಿಸಿನ. ಆಮೇಲೆ ಮಡಿಯುಟ್ಟು ಲಿಂಗಪೂಜೆ, ಹಣೆಗೆ ಮೂರು ಬೆರಳಿನ ವಿಭೂತಿ. ನನ್ನದೊಂದು ಅಭ್ಯಾಸ ಮಾತ್ರ ಬೇರೆ. ಅಂಗೈಯಲ್ಲಿ ಉಳಿದ ವಿಭೂತಿಯನ್ನು ತೊಳೆದುಬಿಡಲು ಮನಸ್ಸು ಬಾರದೆ ಕೆನ್ನೆಗೆ, ಕತ್ತಿಗೆ ಸವರಿಕೊಳ್ಳುತ್ತಿದ್ದೆ. ಶಿವನದು ನೀರಿನ ಪಾಲಾಗಬಾರದು ಅಂತ.

ಮಾರ್ಗಶಿರ ಬರುವ ಹೊತ್ತಿಗೆ ಹಣೆಯಿಂದ ಹೊಟ್ಟು ಉದುರತೊಡಗಿತು. ಹುಬ್ಬಿನ ಮೇಲೆ, ಮೂಗಿನ ಎರಡೂ ಪಕ್ಕ, ಗಲ್ಲದ ಕೆಳಗೆ ಕೆಂಪು ಮಚ್ಚೆಗಳು ಬಿದ್ದವು. ಬೆಳಗಿನ ಹೊತ್ತು ಉರಿ, ಮಧ್ಯಾಹ್ನ ನವೆ, ಸಂಜೆ ಬಿಗಿತ. ಪಕ್ಕದ ಮನೆಯಾಕೆ ಬೇವಿನಸೊಪ್ಪು ಅರೆದು ಹಚ್ಚಿ ನೋಡು ಅಂದಳು. ಹಚ್ಚಿದೆ. ಎರಡು ದಿನ ಕಣ್ಣು ಬಿಡಲಾಗಲಿಲ್ಲ.

ಆ ಹೊತ್ತಿಗೇ ನಮ್ಮ ಬೀಗಿತ್ತಿ ಬಂದರು.

ನಮ್ಮ ಮಗಳನ್ನು ಚನ್ನರಾಯಪಟ್ಟಣದ ಆಚೆ ದಂಡಿಗನಹಳ್ಳಿಗೆ ಕೊಟ್ಟಿದ್ದೆವು. ನಾಲ್ಕು ಹೆತ್ತು ಉಳಿದವಳು ಅವಳೊಬ್ಬಳು. ಈಗ ಅವಳಿಗೆ ಐದು ತಿಂಗಳು, ಚೊಚ್ಚಲು. ಏಳರಲ್ಲಿ ಕರೆತಂದು ಹೆರಿಗೆ, ಬಾಣಂತನ ನಾನೇ ಮಾಡಬೇಕು ಅಂತ ಬಾಣಂತಿ ಕೋಣೆಗೆ ಆಗಲೇ ಸುಣ್ಣ ಬಳಿಸಿದ್ದೆ. ಅವಳ ಅತ್ತೆ ನನಗಿಂತ ಎರಡು ವರ್ಷಕ್ಕೆ ದೊಡ್ಡವರು. ಬೇಸಾಯದ ಮನೆಯ ಯಜಮಾನಿತಿ, ಕಡ್ಡಿ ಮುರಿದ ಹಾಗೆ ಮಾತು. ಊರಲ್ಲಿ ಏನೋ ಕೆಲಸವಿತ್ತು ಅಂತ ಬಂದವರು ನಡುಮನೆಯ ಕಂಬಕ್ಕೆ ಒರಗಿ ಕೂತು ನನ್ನ ಮುಖವನ್ನೇ ನೋಡಿದರು.

"ಏನ್ ಬೀಗ್ತಮ್ಮ, ಮುಖ ಹಿಂಗಾಗೈತೆ?"

"ಚಳಿ ಕಣಕ್ಕ."

"ಚಳಿ ನಮ್ಮೂರಾಗೂ ಐತೆ."

ನಾನು ನಕ್ಕೆ. ನಕ್ಕರೆ ಕೆನ್ನೆ ಉರಿಯುತ್ತದೆ ಅಂತ ನಗು ನಡುವೆಯೇ ನಿಂತಿತು. ಹಾಲು ಕಾಸಿ ತಂದು ಮುಂದಿಟ್ಟೆ. ಅವರು ಲೋಟ ಮುಟ್ಟಲಿಲ್ಲ.

"ಮುಚ್ಚುಮರೆ ಯಾಕೆ, ಏಳೇಬುಡ್ತೀನಿ," ಅಂದರು. "ಎಳೇ ಕೂಸಿಗೆ ಎಣ್ಣೆ ನೀರು ಹಾಕೋರು ನೀವು. ಕೂಸು ಆಡಿಸೋವಾಗ ಕೆನ್ನೆಗೆ ಕೆನ್ನೆ ತಾಗ್ತದೆ. ಇದೇನು ಖಾಯಿಲೆ ಅಂತ ಗೊತ್ತಾಗದೆ ನಾನು ಬಸುರಿ ಹೆಣ್ಣನ್ನ ಕಳ್ಸಕಾಗಕಿಲ್ಲ. ಶಿವರಾತ್ರಿಗಂಟ ನೋಡಾನ. ಮುಖ ತಿಳಿಯಾದ್ರೆ ಕರ್ಕೊಂಡ್ ಬನ್ನಿ. ಇಲ್ದಿದ್ರೆ ಬಾಣಂತನ ನಮ್ಮನೇಲೇ ಆಯ್ತದೆ."

ಖಾಯಿಲೆಯ ಹೆಸರು ಅವರು ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ಅವರು ಹೋದ ಮೇಲೆ ಆ ಲೋಟದ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ. ಹಾಲು ಆರುತ್ತಾ ಆರುತ್ತಾ ಅದರ ಮೇಲೆ ಕೆನೆ ಕಟ್ಟಿತು. ಕೆನೆ ಮೊದಲು ನುಣುಪಾಗಿತ್ತು, ಆಮೇಲೆ ಅಂಚಿನಿಂದ ಸುಕ್ಕುಗಟ್ಟುತ್ತಾ ನಡುವಿಗೆ ಬಂತು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದಿತ್ತು. ಅಳು ಬರಲಿಲ್ಲ. ಅತ್ತರೆ ಕಣ್ಣೀರಿನ ಉಪ್ಪು ಇನ್ನೂ ಉರಿಯುತ್ತದೆ ಅಂತ ಮೈಗೆ ಗೊತ್ತಾಗಿಬಿಟ್ಟಿತ್ತು.

ಮಾರನೆಯ ವಾರ ನಮ್ಮ ಮನೆಯವರು ದವಸದ ಅಂಗಡಿಗೆ ಬೀಗ ಹಾಕಿ ನನ್ನನ್ನು ರೈಲಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದರು. ಅವರು ಮಾತು ಕಡಿಮೆ. ದಾರಿಯುದ್ದಕ್ಕೂ ಕಿಟಕಿ ಮುಚ್ಚಿ, ಗಾಳಿ ಬರುವ ಕಡೆ ತಾವು ಕೂತರು. ಅದನ್ನು ನಾನು ಈಗಲೂ ನೆನೆಯುತ್ತೇನೆ.

ಡಾಕ್ಟರು ವಯಸ್ಸಾದವರು. ನನ್ನನ್ನು ಬೆಳಕಿಗೆ ತಿರುಗಿಸಿ ಕೂರಿಸಿ, "ಕಣ್ಣು ಮುಚ್ಚಿ. ಎಲ್ಲೆಲ್ಲಿ ಮುಟ್ತೀನೋ ಅಲ್ಲಲ್ಲಿ ಬೆರಳಿಟ್ಟು ತೋರಿಸಿ," ಅಂದರು. ಹತ್ತಿಯ ಎಳೆಯೊಂದನ್ನು ಹುಬ್ಬಿನ ಮೇಲೆ ಇಟ್ಟರು. ತೋರಿಸಿದೆ. ಗಲ್ಲದ ಮೇಲೆ ಇಟ್ಟರು. ತೋರಿಸಿದೆ. ಕಣ್ಣು ಮುಚ್ಚಿದ ಆ ಕತ್ತಲಲ್ಲಿ ಹತ್ತಿ ಎಲ್ಲೆಲ್ಲೋ ಬಂದು ಕೂತು ಹಾರಿಹೋಗುತ್ತಿತ್ತು, ಹೂವಿನ ಮೇಲೆ ಕೂರುವ ಚಿಟ್ಟೆ ಇಷ್ಟೇ ಭಾರ ಇರುತ್ತದೇನೋ. ನನ್ನ ಮುಖವನ್ನು ಅಷ್ಟು ಹಗುರವಾಗಿ ಯಾರೂ, ನಾನೂ ಕೂಡ, ಮುಟ್ಟಿರಲಿಲ್ಲ. ಆಮೇಲೆ ಸೂಜಿಯ ಮೊನೆ. ಅದೂ ಎಲ್ಲ ಕಡೆ ತಿಳಿಯಿತು. ಕುಷ್ಠ ಹಿಡಿದ ಮೈಗೆ ಸೂಜಿಯೂ ತಿಳಿಯುವುದಿಲ್ಲವಂತೆ.

"ನೀವು ಹೆದರಿರೋ ರೋಗ ಅಲ್ಲ ಇದು," ಅಂದರು. "ಅಂಟೋದೂ ಅಲ್ಲ. ವಯಸ್ಸಿಗೆ ಚರ್ಮ ಒಣಗಿದೆ, ಸೋಪಿನಲ್ಲಿರೋ ಅಂಥ ಯಾವುದೋ ಖಾರ ಅದನ್ನ ಕೆರಳಿಸ್ತಿದೆ. ಮುಖಕ್ಕೆ ಏನು ಹಚ್ತೀರಿ?"

"ಏನೂ ಇಲ್ಲ ಸ್ವಾಮಿ."

"ಸೋಪು?"

"ಮುಟ್ಟಲ್ಲ."

"ಸ್ನೋ, ಪೌಡರು?"

ನಮ್ಮ ಮನೆಯವರಿಗೆ ನಗು ಬಂತು. "ಅವಳಿಗೆ ಅದರ ಹೆಸರೂ ಗೊತ್ತಿಲ್ಲ ಸಾ."

ನಾನು ಸುಳ್ಳು ಹೇಳಲಿಲ್ಲ. ಅರಿಸಿನ ವಿಭೂತಿಗಳನ್ನು ಮುಖಕ್ಕೆ ಹಚ್ಚುವ ಸಾಮಾನು ಅಂತ ಹುಟ್ಟಿದಾಗಿನಿಂದ ಎಣಿಸಿರಲಿಲ್ಲ. ಹುಬ್ಬಿನ ಹಾಗೆ, ಮೂಗಿನ ಹಾಗೆ, ಅವೂ ಮುಖದ್ದೇ. ಹೂವು ಮುಡಿದದ್ದನ್ನು ಯಾರಾದರೂ ತಲೆಯ ಮೇಲೆ ಹೊರೆ ಇದೆ ಅನ್ನುತ್ತಾರೆಯೇ?

ಡಾಕ್ಟರು ಬರೆದುಕೊಟ್ಟದ್ದಕ್ಕಿಂತ ಬಾಯಲ್ಲಿ ಹೇಳಿದ್ದು ಹೆಚ್ಚು. ಸುಡುವ ನೀರು ಬೇಡ, ಉಗುರುಬೆಚ್ಚಗಿರಲಿ. ಕಡಲೆಹಿಟ್ಟು ಬೇಡ. ಉಜ್ಜಬೇಡಿ, ಒತ್ತಿ ಒರೆಸಿ. ಮುಖ ಪೂರಾ ಆರುವ ಮೊದಲು, ಒದ್ದೆ ಇರುವಾಗಲೇ ಜಿಡ್ಡು ಹಚ್ಚಿ, ಆಗ ಒಳಗಿನ ನೀರು ಒಳಗೇ ಉಳಿಯುತ್ತದೆ. ಜಿಡ್ಡಿಗೆ ಒಂದು ಸಣ್ಣ ಡಬ್ಬಿ ಮುಲಾಮು ಕೊಟ್ಟರು. ಯುದ್ಧದ ದೆಸೆಯಿಂದ ಅದೂ ಸಿಗುವುದಿಲ್ಲ, ಇದು ಮುಗಿದರೆ ಮನೆಯಲ್ಲೇ ಏನಾದರೂ ನೋಡಿಕೊಳ್ಳಿ ಅಂದರು. ಆ ರೋಗ ಅಲ್ಲ ಅನ್ನುವ ಒಂದು ಮಾತನ್ನು ಸೆರಗಿನ ತುದಿಗೆ ಕಟ್ಟಿಕೊಂಡ ಹಾಗೆ ಹಿಡಿದುಕೊಂಡು ಊರಿಗೆ ಬಂದೆ.

ಮಗಳ ಮನೆಗೆ ಈ ಸುದ್ದಿ ಮುಟ್ಟಿಸಿದೆವು. ಬೀಗಿತ್ತಿಯ ಜವಾಬು ಬಂತು: ಡಾಕ್ಟರ ಮಾತು ಕಿವಿಗೆ ಆಯ್ತು, ಕಣ್ಣಿಗೂ ಆಗಲಿ.

ಮುಲಾಮು ಹತ್ತು ದಿನಕ್ಕೆ ತಳ ಕಂಡಿತು. ಆಗ ನಮ್ಮ ಅತ್ತೆ ಬಾಯಿ ಬಿಟ್ಟರು. ಅವರಿಗೆ ಎಪ್ಪತ್ತು ದಾಟಿತ್ತು, ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು. ಹುಟ್ಟಿದ್ದು ಅರಕಲಗೂಡಿನ ಆಚೆ ಮಲ್ಲಿಪಟ್ಟಣದಲ್ಲಿ. ಯಾವ ಮಾತನ್ನೂ ಅಲ್ಲಿಂದಲೇ ಶುರು ಮಾಡುತ್ತಿದ್ದರು.

"ನಮ್ಮವ್ವಂಗೂ ಇಂಗೇ ಆಗಿತ್ತು ಕಣಮ್ಮಿ, ನಿನ್ನ ವಯಸ್ನಾಗೆ. ತುಪ್ಪ ತೊಳ್ದು ಹಚ್ಕಂಡ್ಳು."

"ತುಪ್ಪ ತೊಳೆಯೋದಾ?"

"ಊಂ. ನೂರು ನೀರಲ್ಲಿ. ಒಂದು ಕಮ್ಮಿ ಆದ್ರೂ ಬರೀ ತುಪ್ಪ ಅದು."

ತಾಮ್ರದ ತಟ್ಟೆಯನ್ನು ಹುಣಿಸೆಹಣ್ಣಲ್ಲಿ ಬೆಳಗಿ, ಹಿಡಿಯಷ್ಟು ಹೊಸ ತುಪ್ಪ ಹಾಕಿದೆ. ಬಾವಿಯ ತಣ್ಣೀರು ಒಂದು ಬಟ್ಟಲು ಸುರಿದು ಅಂಗೈಯಿಂದ ಸುತ್ತಲೂ ಒಂದೇ ಕಡೆಗೆ ತಿಕ್ಕಬೇಕು. ನೀರು ಬೆಳ್ಳಗಾದಾಗ ತಟ್ಟೆ ಬಾಗಿಸಿ ಬಸಿಯಬೇಕು. ಮತ್ತೆ ನೀರು. ಲೆಕ್ಕ ತಪ್ಪದಿರಲಿ ಅಂತ ನೂರು ಹುಣಿಸೇಬೀಜ ಎಣಿಸಿಟ್ಟುಕೊಂಡು, ಪ್ರತಿ ನೀರಿಗೂ ಒಂದೊಂದನ್ನು ಆಚೆ ಬಟ್ಟಲಿಗೆ ದಾಟಿಸಿದೆ. ಬಾಯಲ್ಲಿ ಶಿವನಾಮ.

ಮಧ್ಯಾಹ್ನದ ಮನೆ. ಅತ್ತೆ ಮಂಚದ ಮೇಲೆ ಅರೆನಿದ್ದೆ. ಹಿತ್ತಲಲ್ಲಿ ಹಸು ಮೆಲುಕು ಹಾಕುವ ಸದ್ದು, ನನ್ನ ಬಳೆ ತಟ್ಟೆಗೆ ತಾಗುವ ಸದ್ದು, ದೂರದಲ್ಲೆಲ್ಲೋ ರೈಲು ಕೂಗಿ ಸುಮ್ಮನಾದದ್ದು. ಮೂವತ್ತು ನೀರಿಗೆ ತುಪ್ಪದ ಹಳದಿ ಹೋಯಿತು. ಐವತ್ತಕ್ಕೆ ವಾಸನೆ ಹೋಯಿತು. ಎಂಬತ್ತಕ್ಕೆ ಅದು ತುಪ್ಪವೂ ಅಲ್ಲ, ಬೆಣ್ಣೆಯೂ ಅಲ್ಲ, ಬೆಳಗಿನ ಹೊಳೆಯ ಮಂಜನ್ನು ಯಾರೋ ಹಿಡಿದು ತಟ್ಟೆಗೆ ಹಾಕಿದ ಹಾಗಿತ್ತು. ನಾನು ಕೂತಲ್ಲೇ ತೂಕಡಿಸುತ್ತಿದ್ದೆ, ಕೈ ಮಾತ್ರ ತಿರುಗುತ್ತಿತ್ತು. ನೂರು ಮುಗಿದಾಗ ತಟ್ಟೆ ಯಾವುದು, ಕೈ ಯಾವುದು ಅನ್ನುವಷ್ಟು ತಣ್ಣಗಾಗಿತ್ತು.

ಡಾಕ್ಟರ ಮಾತಿಗೂ ಅತ್ತೆಯ ಮಾತಿಗೂ ಗಂಟು ಹಾಕಿದೆ. ಉಗುರುಬೆಚ್ಚಗಿನ ನೀರು, ಒತ್ತಿ ಒರೆಸುವುದು, ಒದ್ದೆ ಇರುವಾಗಲೇ ಕಡಲೆಕಾಳಿನಷ್ಟು ತೊಳೆದ ತುಪ್ಪ. ಎಂಟು ದಿನಕ್ಕೆ ಗಲ್ಲದ ಹೊಟ್ಟು ನಿಂತಿತು. ಆಕಳಿಸಿದರೆ ಉರಿ ಇಲ್ಲ. ಕನ್ನಡಿಯ ಮುಂದೆ ನಿಂತು, ಯಾರೂ ಇಲ್ಲದಾಗ, ಸುಮ್ಮನೆ ಒಂದು ಸಲ ನಕ್ಕು ನೋಡಿದೆ.

ಆ ಸಂತೋಷದಲ್ಲಿ ನಾನು ಮಾಡಿದ್ದೇನು? ಶಿವ ಕಣ್ಣು ಬಿಟ್ಟ ಅಂತ ಪುಷ್ಯದ ಸೋಮವಾರ ಉಪವಾಸವಿದ್ದು, ವಿಭೂತಿಯನ್ನು ಹಣೆಗಷ್ಟೇ ಅಲ್ಲ, ಮುಖಕ್ಕೆ, ತೋಳಿಗೆ, ಕತ್ತಿಗೆ, ನೀರಲ್ಲಿ ಕಲಸಿ ದಪ್ಪನಾಗಿ ಧರಿಸಿ ಎರಡು ಗಳಿಗೆ ಪೂಜೆಗೆ ಕೂತೆ. ಮಂಗಳವಾರ ಬೆಳಿಗ್ಗೆ ಏಳುವಾಗ ರೆಪ್ಪೆ ಊದಿತ್ತು. ಹಣೆ ಕೆಂಪಗೆ, ಹಸಿ ಹುಣ್ಣಿನ ಹಾಗೆ. ಎಂಟು ದಿನ ಗಳಿಸಿದ್ದೆಲ್ಲ ಒಂದು ಪೂಜೆಗೆ ಹೋಯಿತು.

ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಮುಖದ್ದಲ್ಲ. ಪೂಜೆ ಹೆಚ್ಚಿದಷ್ಟೂ ಉರಿ ಹೆಚ್ಚುತ್ತದೆ ಅಂದರೆ ಶಿವನಿಗೇ ನಾನು ಬೇಡವಾಗಿದ್ದೇನೆ. ಅವನಿಗೇ ಬೇಡವಾದವಳ ಕೈಗೆ ಬೀಗಿತ್ತಿ ಕೂಸು ಕೊಡದಿದ್ದರೆ ತಪ್ಪೇನು? ಶಿವರಾತ್ರಿಗೆ ಇನ್ನು ಒಂದು ತಿಂಗಳ ಮೇಲೆ ಕೆಲವೇ ದಿನ.

ಬುಧವಾರ ಅರಿಸಿನ ಕಲಸಿದ ಒದ್ದೆ ಕೈ ಒರೆಸಿಕೊಳ್ಳದೆಯೇ ವಿಭೂತಿ ಗಟ್ಟಿ ಎತ್ತಿಕೊಂಡೆ. ಇಳಿಸಿ ನೋಡಿದರೆ ಬಿಳಿಯ ಗಟ್ಟಿಯ ಮೇಲೆ ನನ್ನ ಐದೂ ಬೆರಳು ಕೆಂಪಗೆ, ಕುಂಕುಮದಲ್ಲಿ ಅದ್ದಿ ಒತ್ತಿದ ಹಾಗೆ ಮೂಡಿದ್ದವು. ನೋಡನೋಡುತ್ತಾ ಇನ್ನೂ ಕೆಂಪಾದವು. ಕೈಯಲ್ಲಿ ಅರಿಸಿನ ಹಳದಿಯೇ ಇತ್ತು, ಗಟ್ಟಿಯ ಮೇಲೆ ಮಾತ್ರ ರಕ್ತದ ಬಣ್ಣ.

"ಅತ್ತೆ! ವಿಭೂತಿ ಮೇಲೆ ಕೆಂಪು ಮೂಡೈತೆ. ಶಿವ ಏನೋ ತೋರಿಸ್ತಾವ್ನೆ!"

"ತಾ ಇಲ್ಲಿ."

ಗಟ್ಟಿಯನ್ನು ಕೈಗೆ ಕೊಟ್ಟೆ. ಕಣ್ಣು ಕಾಣದ ಅತ್ತೆ ಅದನ್ನು ಮೂಸಿ ನೋಡಿದರು, ಆಮೇಲೆ ನಾಲಿಗೆಯ ತುದಿಗೆ ತಾಗಿಸಿದರು. ಮುಖ ಕಿವುಚಿ ಥೂ ಅಂತ ಉಗಿದರು. ನಾನು ಶಿವ ಶಿವಾ ಅಂದೆ.

"ಶಿವನ್ನ ಯಾಕೆ ಕರೀತೀಯೆ, ಬಟ್ಟೆ ಒಗೆಯೋರ್ನ ಕರಿ," ಅಂದರು. "ಬರೀ ಚೌಳು ಕಣಮ್ಮಿ ಇದು! ಬಟ್ಟೆ ಕೊಳೆ ಬಿಡ್ಸೋ ಖಾರ. ಅರಿಸಿನಕ್ಕೆ ಸುಣ್ಣ ಬಿದ್ರೆ ಕೆಂಪಾಗಕಿಲ್ವಾ? ಅಂಗೇ ಇದೂವೆ. ಬೂದಿಗೆ ಎಷ್ಟು ನೀರು ಕೊಟ್ಟೆ ಈ ಸರ್ತಿ?"

ನಾನು ಕೈಯ ಅರಿಸಿನವನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದೆ.

"ಕೇಳಿದ್ದು ನಿನ್ನನ್ನೇ. ಎಷ್ಟು ನೀರು ಬಸ್ದೆ?"

"ಬಸೀಲಿಲ್ಲ ಅತ್ತೆ. ಚೆಲ್ಲೋಕೆ ಮನಸ್ಸು ಬರಲಿಲ್ಲ."

ನಮ್ಮ ಮನೆಯ ವಿಭೂತಿ ನಾವೇ ಮಾಡುವುದು. ಸಗಣಿಯನ್ನು ಉಂಡೆ ಕಟ್ಟಿ ಒಣಗಿಸಿ, ಬತ್ತದ ಹೊಟ್ಟಿನ ನಡುವೆ ಒಟ್ಟಿ, ಮೂರು ದಿನ ನಿಧಾನ ಸುಡಬೇಕು. ಬೂದಿಯನ್ನು ತೆಳು ಅರಿವೆಯಲ್ಲಿ ಜಾಲಿಸಿ ದೊಡ್ಡ ಮಡಕೆಯ ನೀರಿಗೆ ಕಲಸಬೇಕು. ರಾತ್ರಿ ಕಳೆದರೆ ಬಿಳಿ ಗಸಿ ತಳಕ್ಕಿಳಿದು, ಮೇಲೆ ತಿಳಿನೀರು ನಿಲ್ಲುತ್ತದೆ. ಆ ತಿಳಿಯನ್ನು ಬಸಿದು ಚೆಲ್ಲಿ ಹೊಸ ನೀರು ಹಾಕಬೇಕು. ಹೀಗೆ ಏಳು ಸಲ. ಆಮೇಲೆ ಗಸಿಯನ್ನು ಗಟ್ಟಿ ಮಾಡಿ, ಮೂರು ಬೆರಳಿನ ಗೆರೆ ಎಳೆದು ಒಣಗಿಸುವುದು. ಮೊದಲೆಲ್ಲ ಅತ್ತೆ ಮುಂದೆ ಕೂತು ಮಾಡಿಸುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ, ಆ ವರ್ಷ ಮಹಾನವಮಿ ಕಳೆದು, ಮೊದಲ ಸಲ ನಾನೊಬ್ಬಳೇ ಮಾಡಿದ್ದೆ. ತಿಳಿನೀರನ್ನು ಚರಂಡಿಗೆ ಬಾಗಿಸುವಾಗ ಕೈ ತಡೆಯಿತು. ಶಿವನ ಪ್ರಸಾದವಲ್ಲವೇ, ನಾಯಿ ನರಿ ತುಳಿಯುವ ಜಾಗಕ್ಕೆ ಹೇಗೆ ಚೆಲ್ಲಲಿ? ಮಡಕೆಯ ಬಾಯಿಗೆ ಅರಿವೆ ಕಟ್ಟಿ, ಅಷ್ಟು ನೀರನ್ನೂ ಬಿಸಿಲಿಗೇ ಬತ್ತಿಸಿದೆ. ಒಂದು ತೊಟ್ಟು ಹೋಗಲಿಲ್ಲ. ಗಟ್ಟಿ ಐದು ಹೆಚ್ಚು ಬಂದವು. ಭಕ್ತಿಗೆ ಶಿವ ಕೊಟ್ಟ ಹೆಚ್ಚಳ ಅಂತ ಹಿಗ್ಗಿದ್ದೆ. ನೀರಿನ ಜೊತೆ ಹೋಗಬೇಕಾದ ಖಾರವೆಲ್ಲ ಆ ಗಟ್ಟಿಗಳಲ್ಲೇ ಕೂತಿತ್ತು.

ನಮ್ಮ ಮನೆಯವರ ಒರಟು ಹಣೆಗೆ ಅದು ತಿಳಿದಿರಲಿಲ್ಲ. ಅತ್ತೆ ತಮ್ಮ ತವರಿನ ಹಳೆಯ ಗಟ್ಟಿಯನ್ನೇ ತೇಯುತ್ತಿದ್ದರು. ಒಣಗಿ ತೆಳುವಾದ ನನ್ನ ಚರ್ಮ ಮಾತ್ರ ದಿನವೂ ಬೆಂದಿತು. ಮುಖದ ಕೆಂಪಿನಲ್ಲೂ ಎಷ್ಟು ಪಾಲು ಹುಣ್ಣಿನದೋ, ಎಷ್ಟು ಪಾಲು ಕೆಳಗಿನ ಅರಿಸಿನ ಬಣ್ಣ ತಿರುಗಿದ್ದೋ!

ಅತ್ತೆ ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ತುಪ್ಪಕ್ಕೆ ನೂರು ನೀರು ಕೊಟ್ಳು, ಶಿವಂಗೆ ಒಂದೂ ಕೊಡ್ಲಿಲ್ಲ!"

"ಹಾಗಾದ್ರೆ ಚೆಲ್ಲಬೇಕಾ ಅತ್ತೆ?"

"ತೆಂಗಿನ ಬುಡಕ್ಕೆ ಉಯ್ಯಿ. ಅಲ್ಲಿ ಯಾರು ತುಳೀತಾರೆ? ಮರ ಕುಡ್ಕತ್ತದೆ. ಇಷ್ಟಕ್ಕೆ ಮುಖ ಸುಟ್ಕಂಡ್ಯಲ್ಲಮ್ಮಿ, ಒಂದು ಮಾತು ಕೇಳ್ಬಾರ್ದಾಗಿತ್ತಾ?"

ಕೇಳಬಹುದಾಗಿತ್ತು. ಗೊತ್ತಿದೆ ಅಂದುಕೊಂಡವರು ಕೇಳುವುದಿಲ್ಲ.

ಉಳಿದ ಗಟ್ಟಿಗಳನ್ನೆಲ್ಲ ಒಡೆದು ಮಡಕೆಗೆ ಹಾಕಿ ನೀರು ತುಂಬಿದೆ. ಆ ದಿನಗಳಲ್ಲಿ ಹಣೆಗೆ ಏನು? ಅತ್ತೆ ಖಡಾಖಂಡಿತವಾಗಿ ಹೇಳಿದರು: ಹುಣ್ಣು ಆರುವ ತನಕ ವಿಭೂತಿ ಲಿಂಗಕ್ಕಿರಲಿ, ಹಣೆಗೆ ಬೇಡ. ಅರಿಸಿನ ತಾಳಿಗೆ, ಪಾದಕ್ಕೆ ಇರಲಿ, ಕೆನ್ನೆಗೆ ಬೇಡ. ಕೇಳಲು ಸುಲಭ. ಬರಿಯ ಹಣೆ, ಅರಿಸಿನವಿಲ್ಲದ ಕೆನ್ನೆ ಅಂದರೆ ನಮ್ಮಲ್ಲಿ ಏನು ಅರ್ಥ ಅಂತ ಯಾರಿಗೆ ಹೇಳಬೇಕು? ಗಂಡ ಇರುವಾಗ, ಲಿಂಗ ಕೊರಳಲ್ಲಿರುವಾಗ ಕನ್ನಡಿಯಲ್ಲಿ ಬೇರೆ ಯಾರನ್ನೋ ಕಂಡ ಹಾಗೆ. ಮೊದಲ ಬೆಳಿಗ್ಗೆ ಮೂರು ಸಲ ಕೈ ವಿಭೂತಿ ತಟ್ಟೆಗೆ ಹೋಗಿ ಮೂರು ಸಲ ಹಿಂದೆ ಬಂತು. ಕೊನೆಗೆ, ಮಗಳು ಬರಬೇಕಾದರೆ ಇದನ್ನು ಬಿಡಬೇಕು, ಬಿಡುವುದೇ ಈ ಒಂದು ತಿಂಗಳ ನನ್ನ ಪೂಜೆ ಅಂತ ಶಿವನಿಗೇ ಬಾಯಿ ಬಿಟ್ಟು ಹೇಳಿದೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದೆ. ಯಾವ ಬಂಡೆಯೂ ಬೀಳಲಿಲ್ಲ. ಹಸು ಎಂದಿನಂತೆ ಹಾಲು ಕೊಟ್ಟಿತು.

ದಿನಕ್ಕೊಂದು ನೀರು. ಬಸಿದ ತಿಳಿಯಲ್ಲಿ ಒಂದು ಬಟ್ಟಲು ತೆಗೆದು ಚಿಟಿಕೆ ಅರಿಸಿನ ಹಾಕಿ ನೋಡುವೆ. ಮೊದಲ ನೀರು ಕಡುಗೆಂಪು. ಮೂರನೆಯದು ಇಟ್ಟಿಗೆ ಬಣ್ಣ. ಐದನೆಯದು ಬಾಡಿದ ಕನಕಾಂಬರ. ಏಳಕ್ಕೆ ಸಾಕು ಅಂತ ಅತ್ತೆ ಅಂದರೂ ನನಗೆ ಕೆಂಪಿನ ನೆರಳು ಕಾಣಿಸಿತು. ಒಂಬತ್ತನೆಯ ಬೆಳಿಗ್ಗೆ ಅರಿಸಿನ ಹಾಕಿದರೆ ನೀರು ಹಳದಿಯಾಗಿಯೇ ನಿಂತಿತು. ಬಿಸಿಲಿಗೆ ಹಿಡಿದೆ, ಹಳದಿ. ನೆರಳಿಗೆ ತಂದೆ, ಹಳದಿ. ಎಷ್ಟು ಹೊತ್ತು ಆ ಬಟ್ಟಲು ಹಿಡಿದು ನಿಂತಿದ್ದೆನೋ, ತೆಂಗಿನ ಗರಿಗಳ ನೆರಳು ಅದರೊಳಗೆ ಅಲ್ಲಾಡುತ್ತಿತ್ತು.

ಹೊಸ ಗಟ್ಟಿಯನ್ನೂ ಸುಮ್ಮನೆ ಹಚ್ಚಲಿಲ್ಲ. ಮೊದಲು ಮೊಣಕೈಯ ಒಳಭಾಗಕ್ಕೆ ಮೂರು ದಿನ. ಆಮೇಲೆ ಕಿವಿಯ ಹಿಂದೆ ಮೂರು ದಿನ. ಏಳನೆಯ ದಿನ ಹಣೆಗೆ ತೆಳ್ಳಗೆ ಒಂದೇ ಗೆರೆ. ಉರಿಯಲಿಲ್ಲ.

ಆದರೆ ಗಟ್ಟಿ ಕಟ್ಟುವಾಗ ಇನ್ನೊಂದು ನೆನಪಾಗಿತ್ತು. ದೀಪಾವಳಿಗೆ ಬಂದಿದ್ದ ಮಗಳು ಹೊರಡುವಾಗ ಆ ಹಳೆಯ ಗಟ್ಟಿಗಳಲ್ಲೇ ಆರನ್ನು ಅವಳ ಅತ್ತೆಗೆ ಅಂತ ಕಟ್ಟಿಕೊಟ್ಟಿದ್ದೆ. ಕೂಸು ಹುಟ್ಟಿದ ಮೇಲೆ ಲಿಂಗಧಾರಣೆಗೆ ಎಳೇ ಮೈಗೆ ಬಳಿಯುವುದೂ ಅದೇ ವಿಭೂತಿ. ಸುಮ್ಮನಿದ್ದರೆ ಶಿವರಾತ್ರಿ ಹೊತ್ತಿಗೆ ನನ್ನ ಮುಖ ತಿಳಿಯಾಗಿ ಮಗಳು ಬಂದೇ ಬರುತ್ತಾಳೆ. ಹೇಳಿದರೆ, ರೋಗದವಳು ಅನ್ನುತ್ತಿದ್ದ ಬೀಗಿತ್ತಿ ಇನ್ನು ಮೇಲೆ ಶಿವನ ವಿಭೂತಿಯನ್ನೇ ಕೆಡಿಸಿದವಳು ಅನ್ನುತ್ತಾರೆ, ಇಂಥವಳ ಕೈಗೆ ಬಾಣಂತಿಯೇ ಅಂತ ಬಾಗಿಲೇ ಮುಚ್ಚಬಹುದು. ಒಂದು ಇಡೀ ದಿನ ಯೋಚಿಸಿದೆ. ಕೂಸಿನ ಮೈ ನೆನಪಾದಾಗಲೆಲ್ಲ ನನ್ನ ಹಣೆಯ ಉರಿ ನೆನಪಾಗುತ್ತಿತ್ತು. ಹೋಗುವುದೇ ಸರಿ ಅಂದೆ. ನಮ್ಮ ಮನೆಯವರು, "ನಾನೂ ಬರ್ತೀನಿ" ಅಂದರು. "ಬೇಡಿ, ಬೂದಿ ಕೆಡಿಸಿದ್ದು ನಾನು" ಅಂದೆ.

ಪೆಟ್ರೋಲಿಗೆ ಬದಲು ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಚನ್ನರಾಯಪಟ್ಟಣದವರೆಗೆ. ಏರು ಬಂದಾಗಲೆಲ್ಲ ಉಸಿರು ಕಟ್ಟಿ ನಿಲ್ಲುತ್ತಿತ್ತು, ಇಳಿದು ನಡೆಯುತ್ತಿದ್ದೆವು. ಅಲ್ಲಿಂದ ಆಚೆ ಎತ್ತಿನ ಗಾಡಿ. ಕೊಯ್ಲಾದ ರಾಗಿ ಹೊಲಗಳ ಮೇಲೆ ಬಿಸಿಲು ಮಲಗಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿದ ತೊಳೆದ ತುಪ್ಪದ ಕುಡಿಕೆ ಮಡಿಲಲ್ಲಿ, ಹೊಸ ಗಟ್ಟಿಗಳ ಗಂಟು ಕೈಯಲ್ಲಿ. ಗಾಡಿಯ ತೂಗಾಟಕ್ಕೆ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿತ್ತು, ಬೀಗಿತ್ತಿಗೆ ಹೇಳಬೇಕಾದ ಮಾತು ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು.

ಬೀಗಿತ್ತಿ ಜಗಲಿಯಲ್ಲೇ ಇದ್ದರು. ತಲೆಯ ಸೆರಗು ಹುಬ್ಬು ಮುಚ್ಚುವಷ್ಟು ಇಳಿದಿತ್ತು. "ಶಿವರಾತ್ರಿ ಇನ್ನೂ ಬಂದಿಲ್ಲ," ಅಂದರು.

"ಕರ್ಕೊಂಡು ಹೋಗೋಕೆ ಬಂದಿಲ್ಲ ಅಕ್ಕ. ದೀಪಾವಳಿಗೆ ಕಳಿಸಿದ್ದ ವಿಭೂತಿ ವಾಪಸ್ ಕೊಡಿ. ಅದನ್ನು ಕೆಡಿಸಿದ್ದೀನಿ."

ನಿಂತಲ್ಲೇ ಎಲ್ಲ ಹೇಳಿದೆ. ಬಸಿಯದ ನೀರು, ಚೌಳು, ಐದು ಗಟ್ಟಿ ಹೆಚ್ಚು ಬಂದ ಹಿಗ್ಗು, ಡಾಕ್ಟರಿಗೆ ಏನೂ ಹಚ್ಚಲ್ಲ ಅಂದದ್ದು ಕೂಡ. ಅವರು ಒಳಗೆ ಹೋಗಿ ಅರ್ಧ ಸವೆದ ಗಟ್ಟಿ ತಂದರು. ನಾನು ಅರಿಸಿನದ ನೀರು ಕೇಳಿ ಬೆರಳದ್ದಿ ಅದರ ಮೇಲೆ ಒತ್ತಿದೆ. ಕೆಂಪು ಮೂಡಿತು. ತಂದಿದ್ದ ಹೊಸದರ ಮೇಲೆ ಒತ್ತಿದೆ. ಹಳದಿ.

ಬೀಗಿತ್ತಿ ಎರಡನ್ನೂ ನೋಡಿದರು. ಆಮೇಲೆ ಜಗಲಿಯ ಕಟ್ಟೆಯ ಮೇಲೆ ಧೊಪ್ಪನೆ ಕೂತು ಸೆರಗನ್ನು ಹಿಂದಕ್ಕೆ ಸರಿಸಿದರು.

ಅವರ ಹಣೆಯ ತುಂಬ ನನ್ನದೇ ಹಣೆ. ಹೊಟ್ಟು, ಬಿರುಕು, ಹುಬ್ಬಿನ ಮೇಲೆ ಅದೇ ಕೆಂಪು.

"ನಿಮ್ಮನೆಗೆ ಬರೋ ಮುಂಚೇನೇ ನವೆ ಸುರುವಾಗಿತ್ತು," ಅಂದರು. ದನಿ ಸಣ್ಣಗಾಗಿತ್ತು. "ನಿಮ್ಮ ಮುಖ ನೋಡ್ದಾಗ ಎದೆ ಒಡ್ದೋಯ್ತು. ಹಬ್ಬಕ್ಕೆ ಹೋಗಿದ್ದೋಳು ತವರಿಂದ ತಂದವ್ಳೆ, ನಂಗೂ ಅಂಟ್ಬುಡ್ತು ಅಂದ್ಕಂಡೆ. ಮನೇಲಿ ಯಾರ್ಗೂ ಏಳಿಲ್ಲ. ನಿಮ್ಮ ಮಗಳನ್ನ ಅತ್ರಕ್ಕೂ ಬುಟ್ಕಂಡಿಲ್ಲ ಕಣಮ್ಮ. ಅವ್ಳ ತಟ್ಟೆ ಬೇರೆ, ನನ್ನ ತಟ್ಟೆ ಬೇರೆ. ಅತ್ತೆ ಸಿಡುಕಿ ಅಂತ ಅತ್ತಿರಬೇಕು ಪಾಪ."

ಒಳಬಾಗಿಲಲ್ಲಿ ಮಗಳು ನಿಂತಿದ್ದಳು. ಹೊಟ್ಟೆ ಮುಂದಕ್ಕೆ ಬಂದಿತ್ತು, ಕೈಯಲ್ಲಿ ನನಗೆ ತಂದ ನೀರಿನ ಚೊಂಬು. ಎಷ್ಟು ಕೇಳಿಸಿಕೊಂಡಿದ್ದಳೋ.

"ಅದಕ್ಕಾ ಅತ್ತೆ, ನಾನು ತಲೆ ಬಾಚ್ತೀನಿ ಅಂದ್ರೆ ಬೈತಿದ್ದದ್ದು?" ಅಂದಳು.

"ಊಂ ಕಣೇ. ಓಗು, ಅವ್ವಂಗೆ ನೀರು ಕೊಡು."

ಮಧ್ಯಾಹ್ನ ಊಟವಾದ ಮೇಲೆ ಬೀಗಿತ್ತಿಯನ್ನು ನಡುಮನೆಯ ಚಾಪೆಯ ಮೇಲೆ ಮಲಗಿಸಿದೆ. ಉಗುರುಬೆಚ್ಚಗಿನ ನೀರಲ್ಲಿ ಅರಿವೆ ಅದ್ದಿ ಹಿಂಡಿ, ಉಜ್ಜದೆ ಹಣೆಯ ಮೇಲೆ ಒತ್ತಿ ಒತ್ತಿ ತೆಗೆದೆ. ಒದ್ದೆ ಆರುವ ಮೊದಲು ತೊಳೆದ ತುಪ್ಪವನ್ನು ಉಂಗುರದ ಬೆರಳಿನಿಂದ ಹುಬ್ಬಿನ ಮೇಲೆ, ಕಣ್ಣಿನ ಸುತ್ತ, ಗಲ್ಲಕ್ಕೆ ಸವರಿದೆ. ಮೊದಲು ಅವರ ಮುಖ ಗಟ್ಟಿಯಾಗಿತ್ತು. ಬೆರಳು ಓಡಾಡುತ್ತಾ ಓಡಾಡುತ್ತಾ ಸಡಿಲವಾಯಿತು. ಅವರ ಮುಖವನ್ನೂ ಯಾರೂ ಹಾಗೆ ಮುಟ್ಟಿ ಬಹಳ ವರ್ಷ ಆಗಿರಬೇಕು. ಹೊರಗೆ ಕಣದಲ್ಲಿ ಯಾರೋ ಹುಲ್ಲು ಕೊಡಹುತ್ತಿದ್ದರು. ಬಾಗಿಲಿಂದ ಬಂದ ಬಿಸಿಲಿನಲ್ಲಿ ಆ ಧೂಳು ಹೊಂಬಣ್ಣವಾಗಿ ತೇಲುತ್ತಿತ್ತು. ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದವಳು ಹಾಗೇ ಗೋಡೆಗೆ ಒರಗಿ ನಿದ್ದೆ ಹೋದಳು.

"ಬೀಗ್ತಮ್ಮ," ಅಂದರು ಅವರು, ಕಣ್ಣು ಮುಚ್ಚಿಕೊಂಡೇ. "ನೂರು ನೀರೇ ಬೇಕಾ ಇದಕ್ಕೆ? ತೊಂಬತ್ತಾದ್ರೆ ಆಗಕಿಲ್ವಾ?"

"ನಮ್ಮತ್ತೆ ಒಪ್ಪಲ್ಲ."

"ನಿಮ್ಮತ್ತೆ ಸುದ್ದಿ ನಂಗೆ ಬ್ಯಾಡ." ಉಸಿರು ನಿಧಾನವಾಯಿತು. ನಿದ್ದೆ ಬಂತು ಅಂದುಕೊಂಡು ಕೈ ತೆಗೆಯಲು ಹೋದೆ. ಅವರು ನನ್ನ ಕೈ ಹಿಡಿದು ಮತ್ತೆ ಕೆನ್ನೆಯ ಮೇಲೇ ಇಟ್ಟುಕೊಂಡರು.

"ಬೆಳಿಗ್ಗೆ ತಂಪೊತ್ತಿಗೆ ಗಾಡಿ ಕಟ್ಸ್ತೀನಿ," ಅಂದರು. "ಹುಲ್ಲು ದಪ್ಪಕ್ಕೆ ಹಾಸ್ಸಿ. ಮೂರು ಜೀವ ಕೂತಿರ್ತದೆ, ಮೆಲ್ಲಕೆ ಹೊಡೀಲಾ ಅಂತ ಗಾಡಿಯವ್ನಿಗೆ ನಾನೇ ಏಳ್ತೀನಿ."